ಬಲಾಬಲವನ್ನು ತೂಗಿದ ಪ್ರೊಫೆಸರ್ ಎಲೊ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ಜೋಡಿ ಹಚ್ಚುವ ಹಿರಿಯರಿಗೆ ತಕ್ಕಡಿಯೂ ಬೇಡ, ಲೆಕ್ಕದ ಪುಸ್ತಕವೂ ಬೇಡ. ಪೈಲವಾನನ ಹೆಗಲನ್ನೂ ನಡಿಗೆಯನ್ನೂ ಒಮ್ಮೆ ನೋಡಿ ಅವನಿಗೆ ಸರಿಜೋಡಿಯನ್ನು ಗೊತ್ತುಮಾಡಿಬಿಡುತ್ತಾರೆ. ಆ ಕಣ್ಣಿನ ಅನುಭವ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರಾಂತ ಗರಡಿಯ ಹುಡುಗನಿಗೆ ಅದು ತುಸು ಹೆಚ್ಚಾಗಿಯೂ ಬೆನ್ನಿಗೆ ಯಾರೂ ಇಲ್ಲದ ಹಳ್ಳಿಯ ಹುಡುಗನಿಗೆ ತುಸು ಕಡಿಮೆಯಾಗಿಯೂ ತೂಗುವುದುಂಟು. ಮುಖ ನೋಡದೆ ಆಟದ ಫಲವನ್ನಷ್ಟೇ ನೋಡುವ ತಕ್ಕಡಿಯೊಂದನ್ನು ಚದುರಂಗದ ಜಗತ್ತಿಗೆ ಒದಗಿಸಿಕೊಟ್ಟವರು ಆರ್ಪಾದ್ ಎಲೊ.

ಅವರು ಹುಟ್ಟಿದ್ದು 1903ರಲ್ಲಿ, ಹಂಗೆರಿಯ ಒಂದು ಸಣ್ಣ ಹಳ್ಳಿಯಲ್ಲಿ. 1913ರಲ್ಲಿ ತಂದೆತಾಯಿಗಳೊಡನೆ ಅಮೆರಿಕಕ್ಕೆ ಹೋದರು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿ, ಮಿಲ್ವಾಕಿ ನಗರದ ಮಾರ್ಕ್ವೆಟ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದರು. ಬಿಡುವಿನ ವೇಳೆಯೆಲ್ಲ ಚದುರಂಗಕ್ಕೆ ಮೀಸಲು. ವಿಸ್ಕಾನ್ಸಿನ್ ರಾಜ್ಯದ ಚಾಂಪಿಯನ್ ಪದವಿಯನ್ನು ಎಂಟು ಸಲ ಗೆದ್ದವರು. ಅಂಕ ಕೊಡುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ಪಾಠ ಹೇಳುವ ವೃತ್ತಿಯವರಿಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ.

ಅಮೆರಿಕದ ಚದುರಂಗ ಒಕ್ಕೂಟದಲ್ಲಿ ಆಗ ಹಾರ್ಕ್‌ನೆಸ್ ಎಂಬವರ ಪದ್ಧತಿ ನಡೆಯುತ್ತಿತ್ತು. ತನಗಿಂತ ಬಹು ಬಲಿಷ್ಠರೊಡನೆ ಆಡಿ ಎಲ್ಲ ಆಟಗಳನ್ನು ಸೋತವನ ಅಂಕವೂ ಏರಬಹುದಾದ ವಿಚಿತ್ರ ಆ ಪದ್ಧತಿಯಲ್ಲಿತ್ತು. ಅದನ್ನು ತಿದ್ದುವ ಹೊಣೆ ಎಲೊ ಅವರ ಪಾಲಿಗೆ ಬಂದಿತು. ಅವರ ಹೊಸ ಪದ್ಧತಿಯನ್ನು 1960ರಲ್ಲಿ ಒಕ್ಕೂಟ ಒಪ್ಪಿಕೊಂಡಿತು.

ಎಲೊ ಅವರ ವಿಚಾರದ ತಿರುಳು ಇಷ್ಟೆ. ಯಾವ ಆಟಗಾರನೂ ದಿನವೂ ಒಂದೇ ಬಗೆಯಲ್ಲಿ ಆಡಲಾರ. ಅವನ ಆಟ ಒಂದು ಸರಾಸರಿಯ ಸುತ್ತ ಏರಿಳಿಯುತ್ತಿರುತ್ತದೆ. ಆದುದರಿಂದ ಒಂದು ದಿನದ ಗೆಲುವಿನಿಂದ ಯಾರನ್ನೂ ಅಳೆಯಬಾರದು. ಇಬ್ಬರ ಅಂಕಗಳ ಅಂತರದಿಂದ ಯಾರು ಎಷ್ಟು ಗಳಿಸಬಹುದೆಂದು ಮೊದಲೇ ಎಣಿಸಬೇಕು. ಅಂಕ ಸಮನಾಗಿದ್ದರೆ ಅರ್ಧರ್ಧ. 200ರ ಅಂತರವಿದ್ದರೆ ಮೇಲಿನವನಿಗೆ ನೂರಕ್ಕೆ ಸುಮಾರು 76 ಪಾಲು. ಆ ಎಣಿಕೆಯನ್ನು ಮೀರಿದವನ ಅಂಕ ಏರುತ್ತದೆ, ಮುಟ್ಟದವನದು ಇಳಿಯುತ್ತದೆ. ದುರ್ಬಲನನ್ನು ಸೋಲಿಸಿದ ಬಲಿಷ್ಠನಿಗೆ ದೊರೆಯುವುದು ಅತ್ಯಲ್ಪ. ಬಲಿಷ್ಠನನ್ನು ಕೆಡವಿದ ಅನಾಮಧೇಯನಿಗೆ ದೊರೆಯುವುದು ಬಹಳ. ಹೀಗೆ ಈ ಅಂಕವು ಮನುಷ್ಯನ ಬುದ್ಧಿಗೆ ಹಾಕಿದ ಬೆಲೆಯಲ್ಲ. ಇತರರ ಎದುರಿನಲ್ಲಿ ಅವನ ಆಟ ನಿಲ್ಲುವ ಎತ್ತರ ಮಾತ್ರ. ಈ ಭೇದವನ್ನು ಮರೆತವರೇ ಹೆಚ್ಚು.

1970ರಲ್ಲಿ ವಿಶ್ವ ಚದುರಂಗ ಒಕ್ಕೂಟವೂ ಈ ಪದ್ಧತಿಯನ್ನು ಕೈಗೊಂಡಿತು. ಅನೇಕ ವರ್ಷಗಳ ಕಾಲ ಜಗತ್ತಿನ ಆಟಗಾರರ ಲೆಕ್ಕವನ್ನೆಲ್ಲ ಎಲೊ ತಾವೇ ಕುಳಿತು ಮಾಡಿದರು. 1972ರಲ್ಲಿ ಬಾಬಿ ಫಿಷರ್ 2785 ಅಂಕಗಳೊಡನೆ ಎಲ್ಲರಿಗಿಂತ ಬಹಳ ಮುಂದಿದ್ದುದು ಕಂಡುಬಂದದ್ದು ಈ ಪಟ್ಟಿಯಲ್ಲಿಯೇ. 1978ರಲ್ಲಿ ತಮ್ಮ ಶಾಸ್ತ್ರವನ್ನು ಗ್ರಂಥರೂಪಕ್ಕೆ ತಂದರು. ಇಷ್ಟಾದರೂ ಅವರಿಗೆ ತಮ್ಮ ಅಳತೆಗೋಲಿನ ಬಗ್ಗೆ ಭ್ರಮೆಯಿರಲಿಲ್ಲ. ನೀರಿನ ಮೇಲೆ ಕುಣಿಯುವ ಬೆಂಡನ್ನು, ಗಾಳಿಗೆ ಓಲಾಡುವ ಹಗ್ಗಕ್ಕೆ ಕಟ್ಟಿದ ಕೋಲಿನಿಂದ ಅಳೆದಂತೆ ಈ ಕೆಲಸವೆಂದು ಅವರು ಹೇಳುತ್ತಿದ್ದರು. ಎಳೆಯ ಆಟಗಾರರು ಹಲಗೆಯನ್ನು ಬಿಟ್ಟು ಅಂಕದ ಬೆನ್ನು ಹತ್ತಿದುದನ್ನು ಕಂಡು ಮುಪ್ಪಿನಲ್ಲಿ ನೊಂದುಕೊಂಡದ್ದೂ ಉಂಟು. 1992ರ ನವೆಂಬರ್ 5ರಂದು, 89ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮೈಸೂರಿನ ಎಂ. ಎಸ್. ತೇಜಕುಮಾರ್ 2017ರಲ್ಲಿ ಗ್ರ್ಯಾಂಡ್ ಮಾಸ್ಟರ್ ಪದವಿಗಾಗಿ ದಾಟಬೇಕಾಗಿದ್ದ 2500ರ ಗೆರೆ ಎಲೊ ಅವರ ಈ ಅಳತೆಗೋಲಿನ ಮೇಲಿನದೇ. 2018ರಿಂದ ಪುರುಷರ ಫುಟ್‌ಬಾಲ್ ತಂಡಗಳ ವಿಶ್ವಪಟ್ಟಿಯೂ ಇದೇ ತತ್ತ್ವವನ್ನು ಅನುಸರಿಸಿದೆ. ಕೋಲಿನಿಂದ ಚೆಂಡನ್ನು ಹೊಡೆದು ಮೇಜಿನ ಕುಳಿಗೆ ಬೀಳಿಸುವ ಪೂಲ್ ಆಟದಲ್ಲಿ ಫಾರ್ಗೊ ಎಂಬ ಹೆಸರಿನ ಅಂಕಮಾನವೂ ಇದೇ ಜಾಡಿನದು. ಅಲ್ಲಿ ಇಬ್ಬರ ನಡುವೆ 100ರ ಅಂತರವಿದ್ದರೆ, ಮೇಲಿನವನು ಎರಡು ಆಟ ಗೆಲ್ಲುವಷ್ಟರಲ್ಲಿ ಕೆಳಗಿನವನು ಒಂದು ಗೆಲ್ಲುವನೆಂದು ಎಣಿಕೆ.