ಬೆನೆಗಲ್ ನರಸಿಂಗರಾಯರು

ಭಾರತದ ಸಂವಿಧಾನವೆಂದೊಡನೆ ಡಾ. ಅಂಬೇಡ್ಕರರ ಹೆಸರು ನೆನಪಿಗೆ ಬರುವುದು ಸಹಜ. ಅದು ಉಚಿತವೂ ಹೌದು. ಆದರೆ ಅವರ ಕರಡು ಸಮಿತಿಯ ಮುಂದಿರಿಸಲಾದ ಮೊದಲ ಕರಡನ್ನು ಸಿದ್ಧಪಡಿಸಿದವರು ಕನ್ನಡನಾಡಿನಲ್ಲಿ ಹುಟ್ಟಿದ ಒಬ್ಬ ನ್ಯಾಯಾಧೀಶರು. ಅವರೇ ಬೆನೆಗಲ್ ನರಸಿಂಗರಾಯರು.

ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಓದಿ, ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಡ್ಜಿಗೆ ತೆರಳಿದರು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1910ರಲ್ಲಿ ಬಂಗಾಳದಲ್ಲಿ ಸೇವೆಗೆ ಸೇರಿದರು. ಅಲ್ಲಿ ನ್ಯಾಯಾಂಗದ ಶಾಖೆಯನ್ನು ಹಿಡಿದು ಹಲವು ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ದುಡಿದರು. ಜಮೀನಿನ ತಕರಾರಾಗಲಿ ಕೊಲೆಯ ಮೊಕದ್ದಮೆಯಾಗಲಿ, ಸಾಕ್ಷಿಗಳ ಮಾತನ್ನು ಕಿವಿಯಾರೆ ಕೇಳಿ ತೀರ್ಮಾನಿಸುವುದು ಜಿಲ್ಲಾ ನ್ಯಾಯಾಲಯದ ಕೆಲಸ. ಮುಂದೆ ಅವರು ಅಸ್ಸಾಮಿನಲ್ಲಿ ಕಾನೂನು ಅಧಿಕಾರಿಗಳಾದರು. ಬಳಿಕ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು.

1941ರಲ್ಲಿ ಸಿಂಧೂ ನದಿಯ ನೀರಿನ ವ್ಯಾಜ್ಯ ಅವರ ಮುಂದೆ ಬಂದಿತು. ಮೇಲಿನ ಪಂಜಾಬು ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಬರಿದಾಗುವುವೆಂದು ಕೆಳಗಿನ ಸಿಂಧ್ ಪ್ರಾಂತ ದೂರಿತ್ತು. ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸಿರುಗುಪ್ಪದ ರೈತನಿಗೆ ಇಂಥ ವ್ಯಾಜ್ಯದ ಕಾವನ್ನು ವಿವರಿಸಬೇಕಾಗಿಲ್ಲ. ನದಿಯು ಮೇಲಿನವರ ಸ್ವತ್ತೂ ಅಲ್ಲ, ಕೆಳಗಿನವರ ಸ್ವತ್ತೂ ಅಲ್ಲ, ಇಬ್ಬರೂ ನ್ಯಾಯವಾಗಿ ಹಂಚಿಕೊಳ್ಳತಕ್ಕದ್ದು ಎಂಬ ತತ್ತ್ವವನ್ನು ರಾಯರ ಆಯೋಗ 1942ರಲ್ಲಿ ಎತ್ತಿಹಿಡಿಯಿತು.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಈ ಹೊಣೆಯನ್ನು ಅವರು ಸಂಬಳವಿಲ್ಲದೆಯೇ ಹೊತ್ತರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳ, 13 ಅನುಸೂಚಿಗಳ ಕರಡು ಸಿದ್ಧವಾಯಿತು. ಅನಂತರ ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ತಜ್ಞರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫ್ರಾಂಕ್‌ಫರ್ಟರರೊಡನೆ ನಡೆದ ಮಾತುಕತೆ ಇವುಗಳಲ್ಲಿ ಮುಖ್ಯವಾದುದು.

ಪ್ರಶ್ನೆ ಗಹನವಾಗಿತ್ತು. ಒಬ್ಬ ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾಯಿದೆ ನ್ಯಾಯಸಮ್ಮತವೇ ಎಂದು ಪರೀಕ್ಷಿಸುವ ಅಧಿಕಾರ ನ್ಯಾಯಾಧೀಶರಿಗೆ ಇರಬೇಕೆ? ಅಮೆರಿಕದಲ್ಲಿ ಅಂಥ ಅಧಿಕಾರವಿತ್ತು. ಅದರ ಬಲದಿಂದ ಕಾರ್ಮಿಕರ ದುಡಿಮೆಯ ಅವಧಿಗೆ ಮಿತಿ ಹಾಕಿದ ಕಾಯಿದೆಯೂ ಅಲ್ಲಿ ಬಿದ್ದುಹೋಗಿತ್ತು. ಜನರು ಆರಿಸಿದ ಶಾಸನಸಭೆಯ ನಿರ್ಧಾರವನ್ನು ಕೆಲವೇ ನ್ಯಾಯಾಧೀಶರು ತಡೆಯುವುದು ತರವಲ್ಲವೆಂದು ಫ್ರಾಂಕ್‌ಫರ್ಟರರು ಎಣಿಸಿದ್ದರು. ರಾಯರಿಗೂ ಅದು ಸರಿಯೆನಿಸಿತು. ತಾವೇ ನ್ಯಾಯಾಧೀಶರಾಗಿದ್ದವರು ನ್ಯಾಯಾಧೀಶರ ಅಧಿಕಾರವನ್ನು ಮೊಟಕುಗೊಳಿಸಲು ಸಲಹೆಯಿತ್ತದ್ದು ಗಮನಾರ್ಹ. ಕರಡು ಸಮಿತಿ ಅದನ್ನು ಒಪ್ಪಿತು. ಕಾನೂನು ಗೊತ್ತುಪಡಿಸಿದ ಕ್ರಮವನ್ನು ಅನುಸರಿಸಿದರೆ ಸಾಕೆಂಬ ಮಾತು 21ನೆಯ ವಿಧಿಯಲ್ಲಿ ನಿಂತಿತು.

ರಾಯರ ಅಂಜಿಕೆ ಆಧಾರವಿಲ್ಲದ್ದಲ್ಲ. ಆದರೂ ಅದರ ಭಾರ ಸೆರೆಯಲ್ಲಿದ್ದವರ ಮೇಲೆ ಬಿದ್ದಿತು. ವಿಚಾರಣೆಯಿಲ್ಲದೆ ಬಂಧಿತರಾಗಿದ್ದ ಎ. ಕೆ. ಗೋಪಾಲನ್ ಅವರು 1950ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಾಗ, ಕಾಯಿದೆಯ ಕ್ರಮ ನ್ಯಾಯವಾದುದೇ ಎಂದು ಪರೀಕ್ಷಿಸಲು ನ್ಯಾಯಾಲಯ ಒಪ್ಪಲಿಲ್ಲ.

ಆ ವೇಳೆಗೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾಗಿದ್ದರು. 1950ರ ಜೂನಿನಲ್ಲಿ ಕೊರಿಯ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪದವಿಯಲ್ಲಿರುವಾಗಲೇ, 1953ರ ನವೆಂಬರ್ 30ರಂದು, ಜ್ಯೂರಿಕ್ ನಗರದಲ್ಲಿ ನಿಧನರಾದರು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 21ನೆಯ ವಿಧಿಯನ್ನು ಮತ್ತೆ ಓದಿತು. ಕಾನೂನಿನ ಕ್ರಮವು ನ್ಯಾಯವೂ ಯುಕ್ತವೂ ಆಗಿರಲೇಬೇಕೆಂದು ತೀರ್ಪಿತ್ತಿತು.