ಓಟಗಾರ ಜಟೋಪೆಕ್

ಮಕ್ಕಳೇ, ನಿಮಗೆ ಓಡುವುದು ಇಷ್ಟವೇ? ಎಮಿಲ್ ಜಟೋಪೆಕ್ ಅವರಿಗೆ ಮೊದಲು ಇಷ್ಟವಿರಲಿಲ್ಲ. 1922ರಲ್ಲಿ ಜೆಕೊಸ್ಲೊವಾಕಿಯಾ ದೇಶದ ಒಬ್ಬ ಬಡಗಿಯ ಮನೆಯಲ್ಲಿ ಅವರು ಹುಟ್ಟಿದರು. ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುವಾಗ, ಹಿರಿಯರ ಒತ್ತಾಯಕ್ಕೆ ಮಣಿದು ಓಡಿ ಎರಡನೆಯವರಾದರು. ಅಂದಿನಿಂದ ಓಟದಲ್ಲಿ ಒಲವು ಮೂಡಿತು.

ಮುಂದೆ ಸೈನ್ಯ ಸೇರಿದರು. ಹಗಲೆಲ್ಲ ಕೆಲಸ. ಆದ್ದರಿಂದ ಕತ್ತಲಲ್ಲಿ ಟಾರ್ಚ್ ಹಿಡಿದು, ಭಾರವಾದ ಬೂಟು ತೊಟ್ಟು ಓಡಿದರು. ಮದುವೆಯಾದ ಮೇಲೆ ಮನೆಗೆಲಸವೂ ಇತ್ತು. ಸ್ನಾನದ ತೊಟ್ಟಿಯಲ್ಲಿ ಬಟ್ಟೆ ನೆನೆಸಿ, ಅದರ ಮೇಲೆಯೇ ಓಡುತ್ತಿದ್ದರಂತೆ! ಬಟ್ಟೆಯೂ ಶುಭ್ರವಾಯಿತು, ಅಭ್ಯಾಸವೂ ಆಯಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್, 5,000 ಮೀಟರ್ ಮತ್ತು ಮ್ಯಾರಥಾನ್ ಓಟಗಳಲ್ಲಿ ಚಿನ್ನ ಗೆದ್ದರು. ಮ್ಯಾರಥಾನ್ ಅವರಿಗೆ ಅದೇ ಮೊದಲು! ಅಲ್ಲಿಯೇ ಪತ್ನಿ ಡಾನಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದರು. ಜಟೋಪೆಕ್ 2000ದಲ್ಲಿ ತೀರಿಕೊಂಡರು.

ಬಿಡುವಿಲ್ಲ ಎನ್ನುವ ಮುನ್ನ ನೀವೂ ಅವರನ್ನು ನೆನೆಯಿರಿ.