ರಾಜಾಬಾಯಿ ಗೋಪುರದ ದಾನಿ ಪ್ರೇಮ್‌ಚಂದ್ ರಾಯ್‌ಚಂದ್

ಚರ್ಚ್‌ಗೇಟ್ ನಿಲ್ದಾಣದಲ್ಲಿಳಿದು, ಓವಲ್ ಮೈದಾನವನ್ನು ಹಾದು, ಫೋರ್ಟ್ ಪ್ರದೇಶದ ಕಚೇರಿಗಳತ್ತ ಧಾವಿಸುವ ನಮ್ಮಂಥ ನೌಕರರಿಗೆ ರಾಜಾಬಾಯಿ ಗೋಪುರವೆಂದರೆ ಮೊದಲಿಗೆ ಒಂದು ಗಡಿಯಾರ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಇನ್ನೆಷ್ಟು ನಿಮಿಷಗಳಿವೆಯೆಂದು ತಲೆಯೆತ್ತಿ ನೋಡುತ್ತೇವೆ, ಮುಂದೆ ಸಾಗುತ್ತೇವೆ. ಆ ಗೋಪುರಕ್ಕೆ ಹಣ ಕೊಟ್ಟವರು ಯಾರು, ಅವರ ಬಾಳಿನಲ್ಲಿ ಏನೇನು ನಡೆಯಿತು ಎಂಬುದನ್ನು ವಿಚಾರಿಸುವ ವ್ಯವಧಾನ ನಮಗಿರುವುದಿಲ್ಲ. ಬ್ಯಾಂಕಿನಲ್ಲಿ ದುಡಿಯುವ ನಮಗಂತೂ ಆ ಕಥೆ ಒಂದು ಪಾಠವೇ ಆಗಿದೆ.

ಪ್ರೇಮ್‌ಚಂದ್ ರಾಯ್‌ಚಂದ್ ಅವರು 1831ರಲ್ಲಿ ಸೂರತ್ತಿನ ಜೈನ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ವ್ಯಾಪಾರಕ್ಕೆಂದು ಮುಂಬಯಿಗೆ ಬಂದು ನೆಲೆಸಿದ ಕಾರಣ ಬಾಲಕನ ವಿದ್ಯಾಭ್ಯಾಸ ಇಲ್ಲಿಯೇ ನಡೆಯಿತು. ಕಲಿತ ಇಂಗ್ಲಿಷು ಅವರ ಮೊದಲ ಬಂಡವಾಳವಾಯಿತು. ಷೇರು ದಲ್ಲಾಳಿಗಳಲ್ಲಿ ಆ ಭಾಷೆ ಬಲ್ಲವರು ವಿರಳವಾಗಿದ್ದ ದಿನಗಳವು. 1849ರಲ್ಲಿ ದಲ್ಲಾಳಿಯೊಬ್ಬರ ಸಹಾಯಕರಾಗಿ ಸೇರಿದ ತರುಣ, ಹತ್ತು ಹದಿನೈದು ವರ್ಷಗಳಲ್ಲಿ ಇಡೀ ಪೇಟೆಯ ನಾಯಕನೆನಿಸಿದರು. ವ್ಯವಹಾರಗಳನ್ನೆಲ್ಲ ಕಾಗದದ ನೆರವಿಲ್ಲದೆ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದರೆಂಬ ಖ್ಯಾತಿ ಅವರಿಗಿತ್ತು.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಸಂಸ್ಥಾನಗಳ ಬಂದರುಗಳು ಮುಚ್ಚಿಹೋಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲವಾಯಿತು. ಇಂಗ್ಲೆಂಡಿನ ಕಣ್ಣು ಹಿಂದೂಸ್ತಾನದ ಕಡೆಗೆ ತಿರುಗಿತು. ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಉಂಟು. ಧಾರವಾಡ ಸೀಮೆಯಲ್ಲಿ ಬೆಳೆಯುತ್ತಿದ್ದ ಅಮೆರಿಕನ್ ತಳಿಯ ಹತ್ತಿ ಲಿವರ್‌ಪೂಲಿನ ಪೇಟೆಯಲ್ಲಿ ಧಾರವಾಡದ ಹೆಸರಿನಿಂದಲೇ ಮಾರಾಟವಾಗುತ್ತಿತ್ತು. ಹುಬ್ಬಳ್ಳಿ-ಧಾರವಾಡದ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರಿ ಮುಂಬಯಿಗೆ ಬರುತ್ತಿತ್ತು. ಹೀಗೆ ನಾನಾ ಸೀಮೆಗಳ ಕಪ್ಪು ನೆಲದಲ್ಲಿ ರೈತರು ಬೆಳೆದ ಬೆಳೆ ಮುಂಬಯಿಯ ವರ್ತಕರಿಗೆ ಹೊನ್ನಿನ ಹೊಳೆಯಾಗಿ ಹರಿಯಿತು. ಆ ಹೊಳೆಯ ನಡುವೆ ನಿಂತಿದ್ದವರು ಪ್ರೇಮ್‌ಚಂದ್.

ಬಂದ ಹಣ ಸುಮ್ಮನೆ ಕೂರಲಿಲ್ಲ. ದಿನಕ್ಕೊಂದು ಕಂಪನಿ, ದಿನಕ್ಕೊಂದು ಬ್ಯಾಂಕು ಹುಟ್ಟತೊಡಗಿತು. ಸಮುದ್ರವನ್ನು ತುಂಬಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಸುಮಾರು 50,000 ರೂಪಾಯಿಗೆ ಏರಿತು. 1840ರಲ್ಲಿ ಸ್ಥಾಪನೆಯಾಗಿದ್ದ ಬ್ಯಾಂಕ್ ಆಫ್ ಬಾಂಬೆಗೆ ಷೇರುಗಳ ಆಧಾರದ ಮೇಲೆ ಸಾಲ ಕೊಡುವ ಅವಕಾಶವನ್ನು 1863ರ ಕಾಯಿದೆ ಒದಗಿಸಿತು. ಪ್ರೇಮ್‌ಚಂದರ ಮಾತು ಆ ಬ್ಯಾಂಕಿನಲ್ಲಿ ನಡೆಯುತ್ತಿತ್ತು. ಅವರ ಒಂದು ಚೀಟಿಯಿದ್ದರೆ ಸಾಲ ಸಿಗುವುದೆಂಬ ಸ್ಥಿತಿ ಬಂತು. ಸಾಲ ಪಡೆದು ಷೇರು ಕೊಳ್ಳುವುದು, ಅದೇ ಷೇರನ್ನು ಅಡವಿಟ್ಟು ಮತ್ತೆ ಸಾಲ ಪಡೆಯುವುದು. ಇಂಥ ಕಟ್ಟಡಕ್ಕೆ ಅಡಿಪಾಯವಿಲ್ಲವೆಂಬುದು ಇಂದು ನಮಗೆ ಸುಲಭವಾಗಿ ಕಾಣುತ್ತದೆ. ಅಂದು ಬಲ್ಲವರಿಗೂ ಕಾಣಲಿಲ್ಲ.

ಈ ಉಬ್ಬರದ ನಡುವೆಯೇ, 1864ರಲ್ಲಿ, ಪ್ರೇಮ್‌ಚಂದ್ ಅವರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ಕಟ್ಟಲು 2 ಲಕ್ಷ ರೂಪಾಯಿ ಕೊಟ್ಟರು. ಕೆಲವೇ ವಾರಗಳ ಬಳಿಕ ದೊಡ್ಡ ಗಡಿಯಾರ ಹಾಗೂ ಗಂಟೆಗಳುಳ್ಳ ಗೋಪುರಕ್ಕೆಂದು ಇನ್ನೂ 2 ಲಕ್ಷ ಕೊಟ್ಟರು. ಗೋಪುರಕ್ಕೆ ತಮ್ಮ ಹೆಸರನ್ನಲ್ಲ, ತಾಯಿ ರಾಜಾಬಾಯಿಯವರ ಹೆಸರನ್ನು ಬಯಸಿದರು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವೆಂದೂ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ನೇಮಕ್ಕೆ ಗಂಟೆಯ ದನಿ ನೆರವಾಗಲೆಂದು ಮಗ ಇದನ್ನು ಕಟ್ಟಿಸಿದನೆಂದೂ ನಗರದಲ್ಲಿ ಒಂದು ಕಥೆಯಿದೆ. ಜನರ ಬಾಯಲ್ಲಿ ಬೆಳೆದ ಕಥೆಯಾದರೂ ಕೇಳಲು ಹಿತವಾಗಿದೆ.

1865ರ ಏಪ್ರಿಲಿನಲ್ಲಿ ಅಮೆರಿಕೆಯ ದಕ್ಷಿಣದ ಸೇನಾಪತಿ ಲೀ ಶರಣಾದರು. ಹತ್ತಿಯ ಬೆಲೆ ಕುಸಿಯಿತು. ವಾಯಿದೆ ವ್ಯಾಪಾರಗಳ ಲೆಕ್ಕ ತೀರಿಸಬೇಕಾಗಿದ್ದ ಜುಲೈ 1 ಬಂದಾಗ ಕೊಡಬೇಕಾದವರ ಬಳಿ ಕೊಡಲು ಏನೂ ಇರಲಿಲ್ಲ. ಕಂಪನಿಗಳು ಒಂದರ ಮೇಲೊಂದು ಬಿದ್ದವು. 1866ರಲ್ಲಿ ಪ್ರೇಮ್‌ಚಂದರೂ ದಿವಾಳಿಯಾದರು. ಬ್ಯಾಂಕ್ ಆಫ್ ಬಾಂಬೆ ತನ್ನ ಬಂಡವಾಳದ ಬಹುಭಾಗವನ್ನು ಕಳೆದುಕೊಂಡು ಮುಚ್ಚಬೇಕಾಯಿತು. ಸರಕಾರ ನೇಮಿಸಿದ ವಿಚಾರಣಾ ಆಯೋಗವು ಬ್ಯಾಂಕಿನ ಆಡಳಿತದ ದೌರ್ಬಲ್ಯವನ್ನೂ ಅದರ ಮೇಲೆ ಪ್ರೇಮ್‌ಚಂದರಿಗಿದ್ದ ಪ್ರಭಾವವನ್ನೂ ಎತ್ತಿ ತೋರಿಸಿತು. ಎಷ್ಟೋ ಸಂಸಾರಗಳ ಉಳಿತಾಯ ಮಣ್ಣುಪಾಲಾಯಿತು. ಇದನ್ನು ನಾವು ಮರೆಮಾಚಬಾರದು. ಗೋಪುರ ಎಷ್ಟೇ ಎತ್ತರವಿದ್ದರೂ ಅದರ ನೆರಳು ಆ ನಷ್ಟವನ್ನು ಮುಚ್ಚಲಾರದು.

ಆದರೆ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣ ಕೊಟ್ಟಾಗಿತ್ತು. ಸಾಲಗಾರರ ಕೈಗೂ ಸಟ್ಟಾ ಪೇಟೆಯ ಸುಳಿಗೂ ಅದು ಸಿಗಲಿಲ್ಲ. ಲಂಡನ್ನಿನ ಪ್ರಸಿದ್ಧ ವಾಸ್ತುಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರು ಮುಂಬಯಿಯನ್ನು ಕಾಣದೆಯೇ ನಕ್ಷೆ ಬರೆದು ಕಳುಹಿದರು. 1869ರ ಮಾರ್ಚ್ 1ರಂದು ಕೆಲಸ ಆರಂಭವಾಗಿ 1878ರ ನವೆಂಬರಿನಲ್ಲಿ ಮುಗಿಯಿತು. ಎತ್ತರ 280 ಅಡಿ. ಗ್ರಂಥಾಲಯ, ಗೋಪುರಗಳ ಒಟ್ಟು ವೆಚ್ಚ ಸುಮಾರು ಐದೂವರೆ ಲಕ್ಷ ರೂಪಾಯಿ. ಪಶ್ಚಿಮ ಭಾರತದ ನಾನಾ ಜನಸಮುದಾಯಗಳನ್ನು ಪ್ರತಿನಿಧಿಸುವ 24 ಪ್ರತಿಮೆಗಳನ್ನು ರೂಪಿಸಿದವರು ಇಲ್ಲಿಯವರೇ ಆದ ಸಹಾಯಕ ಇಂಜಿನಿಯರ್ ಮಕುಂದ್ ರಾಮಚಂದ್ರ. ನಕ್ಷೆ ವಿಲಾಯತಿಯದಾದರೂ ಗೋಪುರದ ಮೇಲಿನ ಮುಖಗಳು ನಮ್ಮ ಜನರವು.

ಪ್ರೇಮ್‌ಚಂದ್ ಊರು ಬಿಟ್ಟು ಓಡಲಿಲ್ಲ. ಅದೇ ಪೇಟೆಗೆ ಮರಳಿ ಮತ್ತೆ ದುಡಿದರು. 1875ರಲ್ಲಿ ರೂಪುಗೊಂಡ ಷೇರು ದಲ್ಲಾಳಿಗಳ ಸಂಘದ, ಎಂದರೆ ಇಂದಿನ ಮುಂಬಯಿ ಷೇರುಪೇಟೆಯ, ಸ್ಥಾಪಕರಲ್ಲಿ ಅವರೂ ಒಬ್ಬರೆಂದು ಸ್ಮರಿಸಲಾಗುತ್ತದೆ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಅವರಿತ್ತ ದಾನದಿಂದ ಸ್ಥಾಪಿತವಾದ ವಿದ್ಯಾರ್ಥಿವೇತನವನ್ನು ಇತಿಹಾಸಕಾರ ಜದುನಾಥ ಸರ್ಕಾರರಂಥ ವಿದ್ವಾಂಸರು ಪಡೆದರು. ಅಹಮದಾಬಾದಿನ ಶಿಕ್ಷಕರ ತರಬೇತಿ ಕಾಲೇಜಿಗೂ ಅವರ ಹೆಸರಿದೆ. 1906ರಲ್ಲಿ ಅವರು ತೀರಿಕೊಂಡರು. 1868ರಲ್ಲಿ ಹೊಸದಾಗಿ ತಲೆಯೆತ್ತಿದ ಬ್ಯಾಂಕ್ ಆಫ್ ಬಾಂಬೆ 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಲೀನವಾಯಿತು. ಇಂಪೀರಿಯಲ್ ಬ್ಯಾಂಕು 1955ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಆಯಿತು.

ಕನ್ನಡಿಗರಿಗೆ ಈ ಗೋಪುರ ಪರಕೀಯವಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ನಮ್ಮ ಹಿರಿಯರು ಪದವಿ ಪಡೆದದ್ದು ಮುಂಬಯಿ ವಿಶ್ವವಿದ್ಯಾಲಯದಿಂದಲೇ. ಧಾರವಾಡದ ಹತ್ತಿಯೂ ಸೇರಿ ಹರಿದು ಬಂದ ಹಣದಿಂದ ಎದ್ದ ಗ್ರಂಥಾಲಯದ ಬಾಗಿಲು ಧಾರವಾಡದ ಮಕ್ಕಳಿಗೂ ತೆರೆದಿತ್ತು. 2015ರಲ್ಲಿ ಗೋಪುರದ ಜೀರ್ಣೋದ್ಧಾರ ಮುಗಿಯಿತು. 2018ರಲ್ಲಿ ಓವಲ್ ಮೈದಾನದ ಇಕ್ಕೆಲಗಳ ಕಟ್ಟಡಗಳೊಂದಿಗೆ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಸಾಲ, ಠೇವಣಿಗಳ ಲೆಕ್ಕದಲ್ಲಿಯೇ ತಲೆ ನರೆಸಿಕೊಂಡ ನಮಗೆ ಪ್ರೇಮ್‌ಚಂದರ ಖಾತೆಯ ಶಿಲ್ಕು ವಿಚಿತ್ರವಾಗಿ ತೋರುತ್ತದೆ. ತಮ್ಮದೆಂದು ಇಟ್ಟುಕೊಂಡದ್ದನ್ನೆಲ್ಲ ಅವರು ಕಳೆದುಕೊಂಡರು. ಕೊಟ್ಟುಬಿಟ್ಟದ್ದು ಮಾತ್ರ ತಾಯಿಯ ಹೆಸರಿನಲ್ಲಿ ಉಳಿಯಿತು. ಮುಂದಿನ ಬಾರಿ ಓವಲ್ ಮೈದಾನದ ಬದಿಯಲ್ಲಿ ಮಕ್ಕಳೊಡನೆ ನಡೆಯುವಾಗ, ವೇಳೆ ನೋಡಿದ ಮೇಲೆ ಒಂದು ನಿಮಿಷ ನಿಂತು ಆ ಹೆಸರನ್ನೂ ಅವರಿಗೆ ಹೇಳೋಣ.